ಮುದೀರರನ್ನು ಮರ ಹತ್ತಿಸಿದ ಶುಕ್ರವಾರ

ನಾನು ಬೈಯುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವವಳು. ದೋಹಾದ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪೆನಿಯಲ್ಲಿ ಸೇಫ್ಟಿ ಆಫೀಸರು. ಎತ್ತರದಲ್ಲಿ ಕೆಲಸ ಮಾಡುವವರು ಬೆಲ್ಟ್ ಕಟ್ಟಿದ್ದಾರಾ, ಕೊಕ್ಕೆ ಸಿಕ್ಕಿಸಿದ್ದಾರಾ, ಹೆಲ್ಮೆಟ್ಟಿನ ಪಟ್ಟಿ ಗಲ್ಲದ ಕೆಳಗೆ ಉಂಟಾ ಅಥವಾ ಸುಮ್ಮನೆ ನೇತಾಡುತ್ತಾ ಉಂಟಾ ಅಂತ ನೋಡುವುದು, ಸರಿ ಇಲ್ಲದಿದ್ದರೆ ತುಳು, ಹಿಂದಿ, ಮಲಯಾಳ, ಅರೆಬರೆ ಅರಬ್ಬಿ, ಬಾಯಿಗೆ ಬಂದ ಭಾಷೆಯಲ್ಲಿ ಬೈಯುವುದು. ಮನೆಯಲ್ಲಿ ಅದನ್ನೇ ಪುಕ್ಕಟೆ ಮಾಡುತ್ತೇನೆ ಅಂತ ನಮ್ಮವರ ದೂರು.

ಒಂದು ದಿನ ನಮ್ಮ ಮುದೀರ್, ಅಂದರೆ ಮ್ಯಾನೇಜರು, ನನ್ನನ್ನು ಕೋಣೆಗೆ ಕರೆಸಿದರು. ಕತಾರಿನವರೇ, ಅರುವತ್ತರ ಹತ್ತಿರದ ಮನುಷ್ಯ, ಅವರ ಬಿಳಿ ನಿಲುವಂಗಿಯಲ್ಲಿ ಒಂದು ಸುಕ್ಕು ಬಿದ್ದದ್ದನ್ನು ಆಫೀಸಿನಲ್ಲಿ ಯಾರೂ ನೋಡಿದವರಿಲ್ಲ. "ಬಾಗಿಲು ಹಾಕಿ" ಅಂದರು. ನನ್ನ ಕೆಲಸ ಹೋಯಿತು ಅಂತಲೇ ತಿಳಿದೆ. ಅವರು ನೋಡಿದರೆ ಮೇಜಿನಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದು, ಪಕ್ಕದ ಮನೆಯ ಮಾವಿನಕಾಯಿ ಕದ್ದು ತಂದವರ ಹಾಗೆ ಮೆಲ್ಲಗೆ ಮುಚ್ಚಳ ತೆಗೆದರು. ಒಳಗೆ ಗಿಡ್ಡ ಗಿಡ್ಡ ಏಣಿಯ ತುಂಡುಗಳು, ಒಂದೊಂದನ್ನೂ ಮರಕ್ಕೆ ಬಿಗಿಯಲಿಕ್ಕೆ ದಪ್ಪ ಪಟ್ಟಿ, ಜೊತೆಗೆ ಮಡಚುವ ಒಂದು ಸಣ್ಣ ಸೀಟು.

"ಶಿಕಾರಿಗೆ" ಅಂದರು.

ವಿಷಯ ಇಷ್ಟು. ಅಮೇರಿಕದಲ್ಲಿ ಓದುವಾಗಿನ ಅವರ ದೋಸ್ತ್ ಒಬ್ಬ ಪ್ರತಿ ವರ್ಷ ಜಿಂಕೆ ಶಿಕಾರಿಗೆ ಕರೆಯುತ್ತಾನೆ. ಇವರಿಗೆ ಗಿಡುಗ ಹಾರಿಸಿ ಮರಳಿನಲ್ಲಿ ಬೇಟೆಯಾಡಿ ಗೊತ್ತು. ಅಲ್ಲಿಯದ್ದು ಬೇರೆ. ಈ ತುಂಡುಗಳನ್ನು ಒಂದರ ಮೇಲೊಂದು ಕಾಂಡಕ್ಕೆ ಕಟ್ಟುತ್ತಾ ಹತ್ತಿ, ಮೇಲೆ ಸೀಟು ಬಿಗಿದು, ಸದ್ದಿಲ್ಲದೆ ಕೂರಬೇಕು. ಈ ಸಲ ಹೋಗದಿದ್ದರೆ ಮತ್ತೆ ಮಂಡಿ ಬಿಡುವುದಿಲ್ಲ ಅಂತ ಅವರ ಲೆಕ್ಕ. ಆದರೆ ತಾಯಿ ಬಿಡುತ್ತಿಲ್ಲ. ಇವರು ಚಿಕ್ಕವರಿದ್ದಾಗ ಇವರ ಅಪ್ಪ ಖರ್ಜೂರದ ಮರದ ತುದಿಯಲ್ಲಿ, ದೂರದ ಗೊನೆಗೆ ಕೈ ಹಾಕಲಿಕ್ಕೆ ಸೊಂಟದ ಹಗ್ಗ ಬಿಚ್ಚಿ, ಬಿದ್ದು ತೀರಿಕೊಂಡದ್ದಂತೆ. ಅಂದಿನಿಂದ ಮಗನಿಗೆ ಮರ 'ಮಾಫಿ', ಅರಬ್ಬಿಯಲ್ಲಿ ಇಲ್ಲವೇ ಇಲ್ಲ ಅಂತ. ಅಂದರೆ ಆ ಮನುಷ್ಯ ಜೀವಮಾನದಲ್ಲಿ ಮರ ಹತ್ತಿಯೇ ಇಲ್ಲ.

"ಒಮ್ಮೆ ಕಾಡಿನಲ್ಲಿ, ಮರದ ಮೇಲೆ ಕೂರಬೇಕು" ಅಂದರು. "ಜಿಂಕೆ ಸಿಗದಿದ್ದರೂ ಅಡ್ಡಿಯಿಲ್ಲ. ಅಮ್ಮ ಹೇಳಿದ್ದಾರೆ, ಜನರಿಗೆ ಬೀಳದ ಹಾಗೆ ಕಲಿಸುವ ಆ ಹೆಂಗಸು ನನ್ನೆದುರೇ ಕಲಿಸಲಿ, ಕಣ್ಣಾರೆ ನೋಡಿ ಹೇಳುತ್ತೇನೆ ಅಂತ."

ನನಗೆ ಯಾವತ್ತೂ ಇಂಥ ಕೆಲಸ ಸಿಕ್ಕಿರಲಿಲ್ಲ. ಮ್ಯಾನೇಜರನ್ನು ಬೈಯಲಿಕ್ಕೆ ಮ್ಯಾನೇಜರೇ ಕರೆಯುವುದು ಎಷ್ಟು ಜನರ ಹಣೆಯಲ್ಲಿ ಬರೆದಿರ್ತದೆ ಹೇಳಿ? ಅಲ್ ವಕ್ರಾದ ನಮ್ಮ ಮನೆಗೆ ಬಂದು ನಮ್ಮವರಿಗೆ ಹೇಳುವಾಗ ನನಗೆ ನಗು ತಡೆಯಲಿಕ್ಕೇ ಆಗಲಿಲ್ಲ.

"ನಿನಗೆ ರಜೆಯ ದಿನವೂ ಬೈಲಿಕ್ಕೆ ಜನ ಬೇಕಾ ಮಾರಾಯ್ತಿ?" ಅಂದರು ಅವರು.

"ನೀವೂ ಬರಬೇಕು. ಮೊದಲು ನಿಮ್ಮನ್ನೇ ಕಟ್ಟಿ ತೋರಿಸುವುದು."

"ನನ್ನ ಇನ್ಶೂರೆನ್ಸ್ ಪೇಪರ್ ಈಗಷ್ಟೇ ಓದಿದ್ದೀಯಾ ಹೇಗೆ?" ಅಂದರು. ಊಟ ಉಂಟು ಅಂದಮೇಲೆ ಹೊರಟರು.

ಶುಕ್ರವಾರ ಬೆಳಿಗ್ಗೆ ಉತ್ತರದ ಕಡೆ ಅವರ ತೋಟಕ್ಕೆ ಹೋದೆವು. ಚಳಿಗಾಲದ ಬಿಸಿಲು, ಹಿತವಾಗಿತ್ತು. ಮುದೀರರನ್ನು ನೋಡಿದ್ದೇ ನಮ್ಮವರು ಆಕಾಶ ನೋಡಲಿಕ್ಕೆ ಶುರು ಮಾಡಿದರು, ನಗು ಬಾರದಿರಲಿ ಅಂತ. ಕಾಡಿನಲ್ಲಿ ಅಡಗಿ ಕೂರುವ ಬಟ್ಟೆಯಂತೆ ಅದು, ತಲೆಯಿಂದ ಕಾಲಿನವರೆಗೆ ಹಸಿರು ಎಲೆ, ಕಂದು ಎಲೆ. ಸುತ್ತ ಬರೀ ಮರಳು. ಮೈಲು ದೂರದಿಂದಲೂ ಆ ಸುತ್ತಿನಲ್ಲಿ ಎದ್ದು ಕಾಣುತ್ತಿದ್ದದ್ದು ಅವರೊಬ್ಬರೇ.

ಹತ್ತಲಿಕ್ಕೆ ಗೊತ್ತು ಮಾಡಿದ್ದ ಬೇವಿನ ಮರದಿಂದ ಸ್ವಲ್ಪ ದೂರ ಕುರ್ಚಿ ಹಾಕಿಸಿ ಅವರ ತಾಯಿ ಕೂತಿದ್ದರು. ಎಂಬತ್ತು ದಾಟಿದ ಅಜ್ಜಿ, ಕೈಯಲ್ಲಿ ಕೋಲು, ಪಕ್ಕದಲ್ಲಿ ಏಲಕ್ಕಿ ಘಮದ ಕಾಫಿ. ಬೊಂಬಾಯಿಯ ವ್ಯಾಪಾರ ಕಂಡ ಆ ಕಾಲದ ಹೆಂಗಸರಿಗೆ ಹಿಂದಿ ಅಷ್ಟಿಷ್ಟು ಬರುತ್ತದೆ. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಬೈಯುವವಳು ನೀನೇನಾ?" ಅಂದರು.

"ಹೌದು."

"ಚೆನ್ನಾಗಿ ಬೈ."

ಅಪ್ಪಣೆ ಸಿಕ್ಕಿತಲ್ಲ, ಇನ್ನೇನು ಬೇಕು. ಮೊದಲು ಮರ ನೋಡಿಸಿದೆ. ಒಣಗಿದ ಕೊಂಬೆ ಉಂಟಾ, ಕಾಂಡ ಟೊಳ್ಳಾ, ತಟ್ಟಿ ಕೇಳಿ ಅಂದೆ. ಮುದೀರ್ ಕಾಂಡಕ್ಕೆ ಕಿವಿ ಹಚ್ಚಿ ಡಾಕ್ಟರರ ಹಾಗೆ ತಟ್ಟಿದರು. ಆಮೇಲೆ ನಮ್ಮವರಿಗೆ ಹಾರ್ನೆಸ್, ಅಂದರೆ ಹೆಗಲು, ಸೊಂಟ, ತೊಡೆ ಸುತ್ತುವ ಪಟ್ಟಿಗಳ ಕಟ್ಟು, ತೊಡಿಸಿ ತೋರಿಸಿದೆ. ಹೊಟ್ಟೆಯ ಹತ್ತಿರ ಪಟ್ಟಿ ಮುಟ್ಟಲಿಲ್ಲ, ಎಳೆದೆ, "ಊಟಕ್ಕೆ ಜಾಗ ಇಡು" ಅಂದರು. ಅಜ್ಜಿ ತಲೆವಸ್ತ್ರದ ಮರೆಯಲ್ಲಿ ನಕ್ಕದ್ದು ನನಗೆ ಕಂಡಿತು. ಮುದೀರ್ ಅದನ್ನು ನೋಡಿಕೊಂಡು ತಮ್ಮದನ್ನು ತೊಟ್ಟರು.

ಪಾಠ ಕಷ್ಟದ್ದಲ್ಲ, ತಾಳ್ಮೆಯದ್ದು. ಕಾಲು ನೆಲದಲ್ಲಿ ಇರುವಾಗಲೇ ಹಗ್ಗ ಕಾಂಡದ ಸುತ್ತ ಬರಬೇಕು, ಎರಡು ತುದಿಯೂ ಸೊಂಟಕ್ಕೆ ಸಿಕ್ಕಬೇಕು. ಆಗ ಕೈ ಎರಡೂ ಖಾಲಿ. ಮೊದಲ ತುಂಡು ಕಟ್ಟಿ, ಅದರ ಮೇಲೆ ನಿಂತು, ಮೈಯ ಭಾರ ಹಾಕಿ ಜಗ್ಗಬೇಕು. ಜಾರುವುದಿದ್ದರೆ ಅಲ್ಲೇ ಜಾರಲಿ, ಕೆಳಗೆ ಮರಳು ಉಂಟು. ಮುಂದಿನ ತುಂಡು ಕೈ ಚಾಚಿದಷ್ಟು ಮೇಲೆ ಬೇಡ, ಕಾಲು ಸಲೀಸಾಗಿ ಎತ್ತುವಷ್ಟು ಮೇಲೆ ಸಾಕು. ಅಡ್ಡ ಕೊಂಬೆ ಬಂದರೆ ಎರಡನೆಯ ಹಗ್ಗ ಅದರ ಮೇಲಿನಿಂದ ಕಟ್ಟಿದ ಮೇಲೆಯೇ ಮೊದಲಿನದ್ದು ಬಿಚ್ಚುವುದು. ಕೋವಿ ಹೆಗಲಿಗೆ ಹಾಕಿ ಹತ್ತಬಾರದು, ಗುಂಡು ತೆಗೆದು, ದಾರಕ್ಕೆ ಕಟ್ಟಿ, ಕೂತ ಮೇಲೆ ಎಳೆದುಕೊಳ್ಳುವುದು. ಕೋವಿಯ ಬದಲಿಗೆ ಅಂಗಳ ಗುಡಿಸುವ ಹಿಡಿಸೂಡಿ ಕಟ್ಟಿದೆ.

ಮುದೀರ್ ಮೂರನೆಯ ತುಂಡನ್ನು ಬಡಬಡನೆ ಕಟ್ಟಿ ಕಾಲಿಟ್ಟರು, ಸರ್ರನೆ ಜಾರಿತು. ಸೊಂಟದ ಹಗ್ಗ ಹಿಡಿಯಿತು, ಅವರು ಕಾಂಡಕ್ಕೆ ಅಂಟಿಕೊಂಡು ನಿಂತರು.

"ಆತುರಗಾರನಿಗೆ ಬುದ್ಧಿ ಮಟ್ಟ" ಅಂದೆ ಕನ್ನಡದಲ್ಲಿಯೇ. ನಮ್ಮವರು ಅದನ್ನು ಹಿಂದಿಗೆ ತಿರುಗಿಸಿ ಅಜ್ಜಿಗೆ ಹೇಳಿದರು. ಸತ್ಯ ಹೇಳುತ್ತೇನೆ, ಅಷ್ಟು ಖುಷಿಯಿಂದ ನಾನು ಯಾರನ್ನೂ ಬೈದದ್ದಿಲ್ಲ. ಅವರೂ ಬೈಸಿಕೊಂಡು ಕಿವಿಯಿಂದ ಕಿವಿಯವರೆಗೆ ನಗುತ್ತಿದ್ದರು.

ಕೊನೆಗೂ ಮೇಲೆ ಮುಟ್ಟಿದರು. ಸೀಟು ಬಿಗಿದು, ತಲೆಯಿಂದ ಮೇಲೆ ಕಾಂಡಕ್ಕೆ ಹಗ್ಗ ಕಟ್ಟಿ, ಸಡಿಲವೇ ಇಲ್ಲದ ಹಾಗೆ ಬೆನ್ನಿನ ಕೊಕ್ಕೆಗೆ ಸಿಕ್ಕಿಸಿ, ಆಮೇಲೆ ಸೊಂಟದ ಹಗ್ಗ ಬಿಚ್ಚಿ, ಕೂತರು. ಹಿಡಿಸೂಡಿ ಮೇಲೆ ಹೋಯಿತು. ಅದನ್ನು ಮಡಿಲಲ್ಲಿಟ್ಟುಕೊಂಡು ಒಮ್ಮೆ ಸುತ್ತ ನೋಡಿದರು, ಗಟ್ಟಿಯಾಗಿ ನಕ್ಕರು. ಆಫೀಸಿನಲ್ಲಿ ಆ ನಗು ನಾವು ಕೇಳಿದ್ದೇ ಇಲ್ಲ. ನೆರೆಯವರ ಒಂಟೆ ಮರಿ ಹಾಕಿದೆ, ಕಾಣುತ್ತದೆ ಅಂತ ಮೇಲಿಂದ ಕೂಗಿದರು. ನನಗೂ ಯಾಕೋ ತಲೆ ತಿರುಗಿದಷ್ಟು ಖುಷಿ. ಕೆಳಗೆ ನಿಂತು ಚಪ್ಪಾಳೆ ಹೊಡೆದೆ.

ಎಲ್ಲಿ ಒಂಟೆ ಅಂತ ನೋಡಲಿಕ್ಕೆ ಅಜ್ಜಿ ಕೋಲು ಊರಿ ಎದ್ದರು.

ಮೇಲೆ ಟಕ್ ಅಂತ ಸದ್ದಾಯಿತು. ನೋಡುತ್ತೇನೆ, ಮುದೀರ್ ಬೆನ್ನ ಹಿಂದೆ ಕೈ ಹಾಕಿ ಕೊಕ್ಕೆ ಬಿಚ್ಚಿದ್ದಾರೆ, ಆ ಅಂಗೈಯಗಲದ ಸೀಟಿನ ಮೇಲೆ ನೆಟ್ಟಗೆ ಎದ್ದು ನಿಂತಿದ್ದಾರೆ. ಯಾವ ಹಗ್ಗವೂ ಇಲ್ಲ. ಇಷ್ಟು ಭಾಷೆ ಬಲ್ಲ ನನಗೆ ಒಂದು ಶಬ್ದವೂ ಹೊರಡಲಿಲ್ಲ. ಅಜ್ಜಿಯೇ ಹೇಳಿದರು, ದನಿ ಏರಿಸದೆ, "ಕಟ್ಟಿಕೋ."

ಅವರು ಕಟ್ಟಿಕೊಂಡರು. ಇಳಿದು ಬಂದರು. ಅಜ್ಜಿ ಕೋಲಿನಿಂದ ನೆಲ ಕುಟ್ಟಿದರು. "ಖಲಾಸ್" ಅಂದರು. "ಅಪ್ಪನ ಹಾಗೆಯೇ ಬಿಚ್ಚಿದ. ಹೋಗುವುದು ಬೇಡ." ಮುದೀರ್ ಎಲೆ ಎಲೆಯ ಆ ಅಂಗಿಯಲ್ಲಿ ತಲೆ ಬಗ್ಗಿಸಿ ನಿಂತು ಪಟ್ಟಿ ಬಿಚ್ಚತೊಡಗಿದರು. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು.

ಮೇಲೆ ಕೊಕ್ಕೆ ಯಾಕೆ ಬಿಚ್ಚಿದರು ಅಂತ ನನಗೆ ಗೊತ್ತಿತ್ತು. ತಾಯಿ ನಿಂತಿರುವಾಗ ಆ ಮನುಷ್ಯ ಕೂರುವುದಿಲ್ಲ. ಮೀಟಿಂಗಿನ ನಡುವೆ ತಾಯಿಯ ಫೋನು ಬಂದರೂ ಎದ್ದು ನಿಂತೇ ಮಾತಾಡುವವರು. ನಮ್ಮಲ್ಲಿಯೂ ಹಿರಿಯರು ಬಂದರೆ ಏಳುತ್ತೇವೆ, ಆದರೆ ಇವರದ್ದು ಬೆನ್ನುಮೂಳೆಯಲ್ಲೇ ಸೇರಿಹೋದ ಅಭ್ಯಾಸ. ಕೂತವರಿಗೆ ಬಿಗಿಯಾದ ಹಗ್ಗ ಏಳಲಿಕ್ಕೆ ಬಿಡಲಿಲ್ಲ, ಬಿಚ್ಚಿದರು. ನಾನು ಎಲ್ಲ ಕಲಿಸಿದ್ದೆ, ಅಮ್ಮ ಎದ್ದರೆ ಎಂತ ಮಾಡಬೇಕು ಅಂತ ಕಲಿಸಿರಲಿಲ್ಲ.

ನಾನು ಅಜ್ಜಿಯ ಹತ್ತಿರ ಹೋಗಿ ನನ್ನ ಹರಕು ಹಿಂದಿಯಲ್ಲಿ ಹೇಳಿಯೇಬಿಟ್ಟೆ. "ಅವರು ಹುಡುಗಾಟಿಕೆಗೆ ಬಿಚ್ಚಿದ್ದಲ್ಲ. ನೀವು ಎದ್ದಿರಿ, ಅದಕ್ಕೆ ಅವರು ಎದ್ದರು." ಹಿಂದಿನಿಂದ ನಮ್ಮವರು ನನ್ನ ತೋಳು ಚಿವುಟಿದರು, ಬಾಯಿ ಮುಚ್ಚು ಅಂತ.

ಅಜ್ಜಿ ಮಗನನ್ನು ನೋಡಿದರು, ಮರವನ್ನು ನೋಡಿದರು. ಆಮೇಲೆ ಕೋಲಿನಿಂದ ಬೇವಿನ ಕಡೆ ತೋರಿಸಿ, "ಇನ್ನೊಮ್ಮೆ ಹತ್ತು" ಅಂದು ಹೋಗಿ ಕೂತರು.

ಅವರು ಹತ್ತಿದರು. ಮೊದಲಿನಿಂದ, ನೆಲದಿಂದಲೇ, ಒಂದೂ ತಪ್ಪಿಲ್ಲದೆ. ಕೂತು, ಕೊಕ್ಕೆ ಸಿಕ್ಕಿಸಿದ ಮೇಲೆ ಅಜ್ಜಿ ಕುರ್ಚಿಯಿಂದ ಎದ್ದು ಸೀದಾ ಮರದ ಬುಡಕ್ಕೆ ಬಂದು ನಿಂತರು. ಮೇಲೆ ಮುದೀರರ ಮೊಣಕಾಲು ತಾನಾಗಿ ಎದ್ದಿತು. ಕೈ ಬೆನ್ನ ಹಿಂದೆ ಹೋಯಿತು, ಕೊಕ್ಕೆಯನ್ನು ಮುಟ್ಟಿತು, ಅಲ್ಲೇ ನಿಂತಿತು. ಮುಖ ಕೆಂಪಾಯಿತು. ಕೈಯನ್ನು ಮುಂದೆ ತಂದು, ಎದೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದು, ಕಣ್ಣು ತಗ್ಗಿಸಿ ಕೂತೇ ಇದ್ದರು. ನಿಂತ ಅಮ್ಮನೆದುರು ಅಷ್ಟು ಹೊತ್ತು ಹಾಗೆ ಕೂತದ್ದು ಅವರು ಅದೇ ಮೊದಲು ಅಂತ ನನಗೆ ಖಾತ್ರಿ.

ಅಜ್ಜಿ ನಿಂತೇ ಇದ್ದರು. ಒಮ್ಮೆ ಮರದ ಸುತ್ತ ನಡೆದರು, ಮತ್ತೆ ಬಂದು ನಿಂತರು. ಅವರು ಕೋಲಿನ ಮೇಲೆ ಭಾರ ಬಿಟ್ಟದ್ದು ಕಂಡು ನಮ್ಮವರು ಕುರ್ಚಿ ಎತ್ತಿ ತಂದರು. ಅಜ್ಜಿ ಕೈಯಲ್ಲೇ ಬೇಡ ಅಂದರು. ಮೇಲಿನಿಂದ ಮಗ, "ಅಮ್ಮ, ಇನ್ನಾದರೂ ಕೂತುಕೊಳ್ಳಿ" ಅಂದದ್ದು ಅರಬ್ಬಿಯಲ್ಲಾದರೂ ನಮಗೆಲ್ಲ ಅರ್ಥವಾಯಿತು.

"ನನ್ನ ಚಿಂತೆ ಬಿಡು" ಅಂದರು ಅಜ್ಜಿ. "ಆ ಕಾಡಿನಲ್ಲಿಯೂ ಹೀಗೇ ಕೂರು. ಯಲ್ಲಾ, ಹೋಗಿ ಬಾ."

ಅವರು ಇಳಿಯುವಾಗ ಅಜ್ಜಿ ತಲೆಯೆತ್ತಿ ನೋಡುತ್ತಲೇ ಇದ್ದರು. ಮಗನ ಎರಡೂ ಕಾಲು ನೆಲ ಮುಟ್ಟಿ, ಸೊಂಟದ ಹಗ್ಗ ಬಿಚ್ಚಿದ ಮೇಲೆಯೇ ಅವರು ಕೂತದ್ದು.