ಯಾವ ಬೀದಿಗೆ ಎಷ್ಟು ಹಿಮ

ಒಂಟೇರಿಯೊ ಸರೋವರದ ದಂಡೆಯ ಆ ಊರಿನಲ್ಲಿ, ರೇಡಿಯೊದಲ್ಲಿ ಹವಾಮಾನ ಹೇಳುವ ಫ್ಲಾಯ್ಡ್ ಬೈಸಿಕೊಳ್ಳದ ಚಳಿಗಾಲವೇ ಇಲ್ಲ. ಇನ್ನೂ ಬೆಚ್ಚಗಿರುವ ನೀರಿನ ಮೇಲೆ ಕೆನಡಾದ ಕೊರೆಯುವ ಗಾಳಿ ಬೀಸಿತೆಂದರೆ, ಹಿಮದ ಮೋಡದ ಪಟ್ಟಿಯೊಂದು ಎದ್ದು ಬಂದು ಒಂದು ಬೀದಿಯನ್ನು ಕಿಟಕಿಯವರೆಗೆ ಹೂತುಹಾಕಿ, ಪಕ್ಕದ ಬೀದಿಗೆ ಬಿಸಿಲು ಬಿಟ್ಟು ಹೋಗುತ್ತದೆ. ಯಾವ ಬೀದಿ ಎಂಬುದು ಬ್ರಹ್ಮನಿಗೂ ಗೊತ್ತಿರುವುದಿಲ್ಲ, ಫ್ಲಾಯ್ಡ್‌ಗೆ ಗೊತ್ತಿರುತ್ತದೆ. ಕಂಪ್ಯೂಟರಿನ ನಕ್ಷೆಗಳನ್ನೆಲ್ಲ ಜಾಲಾಡಿ, ಕೊನೆಗೆ ಅಂಗಳಕ್ಕಿಳಿದು, ತನ್ನ ಬೋಳುತಲೆಯ ಯಾವ ಮಗ್ಗುಲು ಮೊದಲು ಮರಗಟ್ಟಿತೆಂದು ನೋಡಿಕೊಂಡು, "ರೈಲು ಹಳಿಯಿಂದ ಉತ್ತರಕ್ಕೆ ಎರಡಡಿ, ದಕ್ಷಿಣದವರು ಆರಾಮಾಗಿರಿ" ಎಂದು ಸಾರುತ್ತಾನೆ. ಮರುದಿನ ಹೋಟೆಲಿನಲ್ಲಿ ಮೊಟ್ಟೆ ತಿನ್ನಲು ಕೂತರೆ, "ನಿನ್ನ ಆರಾಮು ನನ್ನ ಕಾರಿನ ಮೇಲೆ ಮೂರಡಿ ಕೂತಿದೆ ಮಾರಾಯ" ಎಂದು ದಕ್ಷಿಣದವರೊಬ್ಬರು ಕೆಣಕುತ್ತಾರೆ. "ಗಾಳಿ ಕೊನೇ ಗಳಿಗೇಲಿ ತಿರುಗ್ತು ಕಣೋ" ಎನ್ನುವುದು ಅವನ ಮಾಮೂಲಿ ಉತ್ತರ. ಹಾಗೆಂದವನೇ ಸಲಿಕೆ ಹೆಗಲಿಗೇರಿಸಿ, ಆರಾಮಾಗಿರಿ ಎಂದಿದ್ದವರ ಬಾಗಿಲುಗಳಲ್ಲಿ ಹಿಮ ಎತ್ತಲು ಹೊರಡುತ್ತಾನೆ. ಲೆಕ್ಕ ಸರಿಹೋದ ದಿನ ಸಲಿಕೆಗೆ ರಜೆ, ವೆರಾಳ ಮನೆಯೊಂದನ್ನು ಬಿಟ್ಟು. ಹಿಮ ಬಿದ್ದಾಗಲೆಲ್ಲ ಅಲ್ಲಿಗೆ ಹೋಗಲೇಬೇಕು. ಹನ್ನೊಂದು ವರ್ಷದ ಹಿಂದೆ ಅವನ ಮಾತು ನಂಬಿ ಹಾಲಿನ ಲಾರಿ ತೆಗೆದುಕೊಂಡು ಹೋದ ಅವಳ ಗಂಡ ಹಿಮದಲ್ಲಿ ಸಿಕ್ಕಿಕೊಂಡು ತಿರುಗಿ ಬರಲಿಲ್ಲ. ವೆರಾ ಕಾಫಿಯ ಲೋಟ ಮೆಟ್ಟಿಲ ಮೇಲಿಟ್ಟು, ಹಿಮ ಯಾವ ಬೀದಿಗೇ ಬಿದ್ದಿರಲಿ, ಸುಳ್ಳಾದರೂ ಸರಿ, ಪ್ರತಿಸಲವೂ ಅದೇ ಮಾತು ಹೇಳುತ್ತಾಳೆ: "ಇವತ್ತು ನೀನು ಹೇಳ್ದಂಗೇ ಬಿತ್ತು ಕಣಪ್ಪ."