ಗಾಡಿ ಯಾವ್ದು, ಹೇರು ಯಾವ್ದು

ನಮ್ಮ ಇಂಗ್ಲಿಷ್ ಮೇಷ್ಟ್ರ ಬಲ ಹೆಗಲು ಎಡ ಹೆಗಲಿಗಿಂತ ತಗ್ಗಿತ್ತು. ಎಂಥ ಇಸ್ತ್ರಿ ಅಂಗಿ ತೊಟ್ಟರೂ ಕಾಲರ್ ಒಂದು ಕಡೆ ಜಾರುತ್ತಿತ್ತು. ಅವರಪ್ಪ ಬಿಳಿಚೋಡಿನಲ್ಲಿ ಬಾಡಿಗೆಗೆ ಎತ್ತಿನಗಾಡಿ ಹೊಡೆಯುತ್ತಿದ್ದರಂತೆ. ಹುಡುಗನಾಗಿದ್ದಾಗ ಆ ಗಾಡಿಗೆ ಶೇಂಗಾ ಮೂಟೆ ಹೊತ್ತು ಹಾಕಿ ಮೇಷ್ಟ್ರ ಎಳೆಯ ಹೆಗಲು ಬಾಗಿ, ಹಾಗೇ ಉಳಿದುಬಿಟ್ಟಿತ್ತು. ಕೇಳಿದರೆ, "ಒಂದು ಕಡೆ ಹೇರು ಜಾಸ್ತಿ ಬಿದ್ದೈತೆ, ಬಿಡ್ರಲೇ" ಎನ್ನುತ್ತಿದ್ದರು.

ಹೊನ್ನಾಳಿಯ ನಮ್ಮ ಶಾಲೆಯಲ್ಲಿ ಒಂದು ದಿನ ಅವರು ಬೋರ್ಡಿನ ಮೇಲೆ 'ಚಾರ್ಜ್' ಎಂದು ಬರೆದರು. ಹಿಂದೆ ಯಾವುದೋ ಕಾಲದಲ್ಲಿ, ಇಂಗ್ಲಿಷಿಗೆ ಬರುವ ಮೊದಲು, ಆ ಮಾತಿಗೆ ಗಾಡಿಗೆ ಹೇರು ಹೇರುವುದು ಅಂತಲೇ ಅರ್ಥವಿತ್ತಂತೆ. "ನಮ್ಮಪ್ಪನ ಕಸುಬಲೇ ಇದು" ಎಂದು ನಕ್ಕರು. ಆಮೇಲೆ ಎಲ್ಲಿ ಆ ಮಾತು ಬಂದರೂ ಒಂದೇ ಪ್ರಶ್ನೆ: "ಗಾಡಿ ಯಾವ್ದು, ಹೇರು ಯಾವ್ದು?" ಬಸ್ ಚಾರ್ಜಿಗೆ ಗಾಡಿ ಬಸ್ಸು, ಹೇರು ನಾವು. ಬ್ಯಾಟರಿ ಚಾರ್ಜಿಗೆ ಹೇರು ಕರೆಂಟು. ಲಾಠಿ ಚಾರ್ಜು ಹೆಂಗೆ ಸಾ ಎಂದು ನಾನು ತರಲೆ ಮಾಡಿದರೆ, "ಗಾಡಿ ನಿನ್ನ ಬೆನ್ನು, ಹತ್ರ ಬಾ ತೋರಿಸ್ತೀನಿ" ಎಂದರು.

ನಿವೃತ್ತಿಯವರೆಗೂ ಅವರು ಇನ್‌ಚಾರ್ಜ್ ಹೆಡ್‌ಮಾಸ್ಟರೇ. ಖಾಯಂ ಹುದ್ದೆ ಬರಲೇ ಇಲ್ಲ. "ಹೇರು ಐತೆ, ಕೀಲೆಣ್ಣೆ ಇಲ್ಲ" ಎಂದುಕೊಂಡೇ ಶಾಲೆ ಎಳೆದರು. ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ.

ನನ್ನಪ್ಪ ತೀರಿಕೊಂಡಾಗ ಅಮ್ಮ ನನ್ನನ್ನು ಶಾಲೆ ಬಿಡಿಸಲು ಬಂದಿದ್ದಳು. ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತು, "ಇವನ ಚಾರ್ಜ್ ನಂದು ತಾಯಿ, ನೀವು ಮನಿಗೆ ಹೋಗ್ರಿ" ಎಂದರು. ಅವತ್ತು ಗಾಡಿ ಯಾವುದು, ಹೇರು ಯಾವುದು ಎಂದು ಅವರು ಕೇಳಲಿಲ್ಲ. ನಾನು ಓದಿದೆ, ಕೆಲಸ ಹಿಡಿದೆ, ಅನ್ನ ಉಣ್ಣುತ್ತಿದ್ದೇನೆ.

ಹೋದ ವರ್ಷ ಅವರನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದೆವು. ಒಂದು ಬೆಳಿಗ್ಗೆ ಅವರ ಹೆಂಡತಿ, ನಮಗೆಲ್ಲ ಚಾಚಿ, ಫೋನ್ ಮಾಡಿದರು. "ನಾಳಿಗೆ ಡಿಸ್ಚಾರ್ಜ್ ಅಂದ್ರಪ್ಪಾ ಡಾಕ್ಟ್ರು. ಇವರಿಗೆ ಶಾವಿಗೆ ಮಾಡಾಕೆ ನಾನು ಮುಂದಾಗಿ ಊರಿಗೆ ಹೋಗ್ತೀನಿ, ನೀನು ಕರ್ಕೊಂಡು ಬಾ." ನಮ್ಮ ಕಡೆ ಡಿಸ್ಚಾರ್ಜ್ ಎಂದರೆ ಒಂದೇ ಅರ್ಥ: ವಾಸಿಯಾಯಿತು. ಮರುದಿನ ನಾನೂ ಖುಷಿಯಿಂದಲೇ ಕಾರು ತೆಗೆದುಕೊಂಡು ಹೋದೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ, ಮನೆಯಲ್ಲಿ ನೆಮ್ಮದಿಯಾಗಿರಲಿ ಎಂದರು.

ಕಾರಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಕೇಳಿದರು. "ನಿಮ್ಮ ಚಾಚಿ ಶಾವಿಗೆ ಮಾಡಾಕೆ ಹೋಗ್ಯಾಳಾ?"

"ಹೂಂ ಸಾ."

"ಅವಳಿಗೆ ಈಗ್ಲೇ ಅರ್ಥ ಬಿಡಿಸಿ ಹೇಳಾಕೆ ಹೋಗಬ್ಯಾಡ. ಇವತ್ತೊಂದಿನ ನಕ್ಕೊಂಡಿರ್ಲಿ." ಆಮೇಲೆ, "ಡಿಸ್ಚಾರ್ಜ್ ಅಂದ್ರೆ ಹೇರು ಇಳಿಸೋದು. ಗಾಡಿ ಯಾವ್ದು, ಹೇರು ಯಾವ್ದು, ಹೇಳಲೇ" ಎಂದರು.

ನಾನು ಗುಂಡಿ ತಪ್ಪಿಸುತ್ತ ಕಾರು ನಿಧಾನ ಮಾಡಿದೆ.

ಚಾಚಿ ಬಾಗಿಲಲ್ಲೇ ಬಟ್ಟಲು ಹಿಡಿದು ನಿಂತಿದ್ದರು. ಮೇಷ್ಟ್ರು ಒಂದು ಚಮಚ ತಿಂದು, ಎಂದಿನಂತೆ, "ಸಕ್ರಿ ಜಾಸ್ತಿ ಆತು" ಎಂದರು. ಚಾಚಿ ಎಂದಿನಂತೆ ರೇಗಿದರು. ಆ ವಾರವೇ ಮೇಷ್ಟ್ರು ಹೋಗಿಬಿಟ್ಟರು.

ಅವರನ್ನು ಮಣ್ಣಿಗೆ ಒಯ್ಯುವ ಜನಾಜಾಕ್ಕೆ ನಾನೂ ಹೆಗಲು ಕೊಟ್ಟೆ. ಅಲ್ಲಿ ನಾಲ್ಕು ಹೆಜ್ಜೆಗೆ ಒಬ್ಬರು ಹೆಗಲು ಬದಲಿಸುತ್ತಾರೆ, ಎಲ್ಲರಿಗೂ ಪಾಲು ಸಿಗಬೇಕಲ್ಲ. ಹಿಂದಿನಿಂದ ಯಾರೋ ಬೆನ್ನು ತಟ್ಟಿ, "ಬಿಡ್ರೀ ಅಣ್ಣಾ, ನಾನು ಹಿಡಿತೀನಿ" ಎಂದರು. ನಾನು ಬಿಡಲಿಲ್ಲ. ಬಲ ಹೆಗಲು ಇಳಿದುಹೋಗುವಂತೆ ನೋಯುತ್ತಿತ್ತು. ಗಾಡಿ ಯಾವುದು ಎಂಬುದಕ್ಕೆ ಉತ್ತರ ಅಲ್ಲಿ ಸಿಕ್ಕಿತು ಸಾ. ಆದರೆ ನಿಮ್ಮನ್ನು ಹೇರು ಅನ್ನಲು ನನಗೆ ಬಾಯಿ ಬರಲಿಲ್ಲ. ನೀವು ನನ್ನನ್ನು ಒಂದು ದಿನವೂ ಹಾಗೆ ಅಂದವರಲ್ಲ.