ಎಡ ಮೇಲ್ಕೋಣೆ ನೋಡಿ ನಿಜ ನುಡಿದವರು

ಎದೆಬಡಿತ ತಾಳ ತಪ್ಪಿದವರನ್ನು ದೊಡ್ಡ ಊರಿನ ಆಸ್ಪತ್ರೆಗೆ ಕಳುಹಿಸುವ ವೈದ್ಯರು ಹಲವರಿದ್ದಾರೆ; ಹೋದರೆ ಗುಣವಾದೀತೇ ಎಂಬುದನ್ನು ಮೊದಲೇ ಹೃದಯದ ಎಕೋ ಚಿತ್ರದಲ್ಲಿ ಅಳೆದು ಹೇಳುವವರಾಗಿ ನಮ್ಮ ಐದು ತಾಲ್ಲೂಕುಗಳಿಗೆ ಒದಗಿದವರು ಹಗರಿಬೊಮ್ಮನಹಳ್ಳಿಯ ಡಾ. ಪುಷ್ಪಲತಾ ಮೇಡಂ. ಅವರ ಎಕೋ ಕೋಣೆಯಲ್ಲಿ ಸಹಾಯಕಿಯಾಗಿರುವ ನಾನು ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಮೇಡಂ ನಿವೃತ್ತರಾಗುವ ಹೊತ್ತಿನ ಈ ಅಭಿನಂದನಾ ಸಂಪುಟಕ್ಕೆ ಬರೆಯಲು ಸಂಕೋಚವಾದರೂ, ನನ್ನ ತಾಯಿಯ ವಿಷಯವನ್ನು ನಾನೇ ಹೇಳಬೇಕು.

ಮೇಡಂ ನೋಡುತ್ತಿದ್ದುದು ಹೃದಯದ ಎಡ ಮೇಲ್ಕೋಣೆಯನ್ನು: ಅದೆಷ್ಟು ಹಿಗ್ಗಿದೆ, ಕುಗ್ಗುವ ಕಸುವೆಷ್ಟು ಉಳಿದಿದೆ. ಕಸುವಿದ್ದರೆ ಬಡಿತ ಸರಿಪಡಿಸುವ ಅಬ್ಲೇಶನ್ ಚಿಕಿತ್ಸೆ ಫಲಿಸುವ ಸಂಭವ ಹೆಚ್ಚು. ಕೊಟ್ಟೂರಿನ ವ್ಯಾಪಾರಿ ಪಂಚಾಕ್ಷರಪ್ಪನವರು ಅದಕ್ಕೆಂದು ದೊಡ್ಡ ಊರಿಗೆ ಹೊರಟೇ ನಿಂತಿದ್ದಾಗ, "ಭಾಳ ಹಿಗ್ಗೈತ್ರಿ ಯಜಮಾನ್ರ, ಮಾಡಿಸಿದ್ರೂ ನಿಲ್ಲೋದು ಕಷ್ಟ. ಗುಳಿಗಿ ಮಾತ್ರ ಬಿಡಬ್ಯಾಡ್ರಿ" ಎಂದರು. ಅಂದು ಸಿಟ್ಟಾಗಿ ಹೋದವರು ಇಂದಿಗೂ ಅವರಲ್ಲಿಗೇ ಬರುತ್ತಾರೆ.

ನನ್ನ ತಾಯಿ ಅನ್ನದಾನಮ್ಮನಿಗೂ ಬಡಿತ ತಪ್ಪಿತ್ತು; ಮೇಲ್ಕೋಣೆ ಆಗಷ್ಟೇ ಹಿಗ್ಗತೊಡಗಿತ್ತು. ತಡಮಾಡಿದರೆ ಅವಕಾಶ ಕೈತಪ್ಪುತ್ತಿತ್ತು. ಆದರೆ "ಬಡಿತ ಕೆಡಿಸೋ ಜಾಗ ಸುಡ್ತಾರ" ಎಂದು ಮೇಡಂ ಹೇಳಿದ್ದೇ ತಡ, ಅವ್ವ ಸೆರಗು ಹೊದ್ದು ಎದ್ದಳು.

"ನಮ್ಮ ಮಂದ್ಯಾಗ ಸತ್ತೋರನ್ನೂ ಸುಡಂಗಿಲ್ರಿ, ಹೂಳ್ತೀವಿ. ಜೀವಂತ ಇದ್ದಾಕಿನ್ನ ಸುಡ್ತೀರೇನು?"

ತಪ್ಪಿದ್ದು ಪದವೆಂದು ಮೇಡಂ ಅರಿತರು. ನಕ್ಕು, ಎದುರಿಗೆ ಕೂತರು. "ಸಣ್ಣಾಕಿದ್ದಾಗ ಬ್ಯಾನಿ ಹೋಗ್ಲಂತ ಬಳಿ ಕಾಸಿ ಹೊಟ್ಟಿಗೆ ಬರಿ ಹಾಕಿರ್ಲಿಲ್ಲೇನವ್ವಾ?"

"ಹಾಕಿದ್ರು."

"ಇದೂ ಅಂಥಾದ್ದ ತಿಳೀರಿ, ಎದಿಯೊಳಗ. ಮೊಮ್ಮಕ್ಕಳಿಗೆ ಮಾತ್ರ ಹಾಕಬ್ಯಾಡ್ರಿ ಮತ್ತ!"

"ಹಂಗಂತ ಮೊದ್ಲ ಹೇಳಬಾರದಾ? ಡಾಕ್ಟ್ರಾಗಿ ಸುಡಗಾಡಿನ ಮಾತಾಡ್ತೀರಿ!"

"ಗ್ಯಾರಂಟಿ ಕೊಡಂಗಿಲ್ಲ. ಚಿತ್ರ ನೋಡಿದ್ರ ನನಗ ಧೈರ್ಯ ಐತಿ."

ಅವ್ವ ದೊಡ್ಡ ಊರಿಗೆ ಹೋಗಿ ಮಾಡಿಸಿಕೊಂಡು ಬಂದಳು. ಮರುತಿಂಗಳೇ ಬಡಿತ ಮತ್ತೆ ತಪ್ಪಿದಾಗ ನಾನು ಕಂಗೆಟ್ಟೆ. ಮೇಡಂ ಕಂಗೆಡಲಿಲ್ಲ, ಗಾಯ ಮಾಯುವತನಕ ಹೀಗಾಗಬಹುದು, ಕಾಯೋಣ ಎಂದು ವಾರವಾರವೂ ಕರೆದು ನೋಡಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಬಡಿತ ಹದಕ್ಕೆ ಬಂತು, ಇಂದಿಗೂ ಕೆಟ್ಟಿಲ್ಲ.

ನಿವೃತ್ತರಾದ ಮೇಲೂ ಹಡಗಲಿಯಲ್ಲಿ ವಾರಕ್ಕೊಮ್ಮೆ ರೋಗಿಗಳನ್ನು ನೋಡಲು ಮೇಡಂ ಒಪ್ಪಿದ್ದಾರೆ. ಅವರಿಗೆ ದೀರ್ಘಾಯುಷ್ಯವೂ ದೃಷ್ಟಿಯ ಚುರುಕೂ ಇರಲಿ. ಅಲ್ಲಿ ಸಹಾಯಕ್ಕೆ ಯಾರು ಬರುತ್ತಾರೆಂದು ಯಾರೂ ಚಿಂತಿಸಬೇಕಿಲ್ಲ; ಬೆಳಗಿನ ಬಸ್ಸಿಗೆ ನಾನು ಹೊರಡುತ್ತೇನೆ.